ರವಿವಾರದ ಕೆಮ್ಮು

೨೦೨೪ನೆಯ ಫೆಬ್ರವರಿ ಹನ್ನೆರಡು, ಸೋಮವಾರ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಬೆನ್ನಿಗಿರುವ ಸಣ್ಣ ಆಸ್ಪತ್ರೆಗೆ, ಲಸಿಕೆಗೆ ಬಂದ ಕೂಸುಗಳನ್ನೂ ತಾಯಂದಿರನ್ನೂ ಬಿಟ್ಟು, ಮೂವತ್ತೊಂದು ರೋಗಿಗಳು ಬಂದಿದ್ದರು. ಅವರಲ್ಲಿ ಇಪ್ಪತ್ತೊಂಬತ್ತು ಜನ ಕೆಮ್ಮುತ್ತಿದ್ದರು.

ಈ ಪೇಚು ನರ್ಸ್ ಮುಸರತ ತಾನೇ ತಂದುಕೊಂಡದ್ದು. ಹಾವೇರಿಯಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದವಳು, ಕ್ಷಯ ಗಾಳಿಯಲ್ಲಿ ಹರಡುವ ರೋಗ, ಮುಚ್ಚಿದ ಹಜಾರ ಸಲ್ಲದೆಂದು ಡಾಕ್ಟರ್ ಚೇತನಕುಮಾರರನ್ನು ಒಪ್ಪಿಸಿ ಹೊಸ ಪದ್ಧತಿ ಹಾಕಿಸಿದ್ದಳು. ಕೆಮ್ಮುವವರು ಮಾಸ್ಕ್ ಹಾಕಿಕೊಂಡು ಹಿತ್ತಲ ಜಗಲಿಯ ಬೆಂಚಿನಲ್ಲಿ ಕೂಡಬೇಕು. ಅವರನ್ನು ಕಾಯಿಸದೆ ಮೊದಲು ನೋಡಿ ಕಳಿಸಬೇಕು. ಘಾಟು ನುಗ್ಗುವ ಭಯದಿಂದ ಹಜಾರದ ಕಿಟಕಿಗಳು ಸದಾ ಮುಚ್ಚಿರುತ್ತಿದ್ದವು. ಆ ಮುಚ್ಚಿದ ಹಜಾರದಲ್ಲೇ ಹಿಂದಿನ ವರ್ಷ ಲ್ಯಾಬಿನ ಶ್ವೇತಾ ರೋಗ ಹಚ್ಚಿಕೊಂಡು ಆರು ತಿಂಗಳು ಗುಳಿಗೆ ನುಂಗಿದ್ದಳು. ಇನ್ನೊಬ್ಬರಿಗೆ ಹಾಗಾಗಬಾರದೆಂಬುದು ಮುಸರತಳ ಹಟ.

ಊರಿನ ಕಿವಿಗೆ ಬಿದ್ದದ್ದು ಮಾತ್ರ ‘ಮೊದಲು ನೋಡುತ್ತಾರೆ’ ಎಂಬ ಅರ್ಧ ಮಾತು. ಕಾಗಿನೆಲೆಯ ಬಸ್ಸು ಹಿಡಿಯಬೇಕಾದವರಿಗೆ, ಅಂಗಡಿ ತೆರೆಯಬೇಕಾದವರಿಗೆ, ಎಲ್ಲರಿಗೂ ಒಮ್ಮೆಲೇ ಕೆಮ್ಮು ಬಂತು. ಬಟ್ಟೆ ವ್ಯಾಪಾರಿ ಕೊಟ್ರೇಶ ಬಂದದ್ದು ಉಳುಕಿದ ಕಾಲಿಗೆ. ಕೆಮ್ಮುವ ಭರದಲ್ಲಿ ಯಾವ ಕಾಲು ಕುಂಟಬೇಕೆಂಬುದನ್ನೇ ಮರೆತಿದ್ದ. ಡಾಕ್ಟರು ಒಮ್ಮೆ ಇಣುಕಿದರು. ಮಧ್ಯಾಹ್ನದೊಳಗೆ ಗದ್ದಲ ನಿಲ್ಲದಿದ್ದರೆ ಎಲ್ಲರೂ ಮೊದಲಿನಂತೆ ಹಜಾರದಲ್ಲೇ ಕೂಡಲಿ ಎಂದು ಹೇಳಿ ಒಳಹೋದರು.

ಕೆಮ್ಮದವರು ಇಬ್ಬರೇ. ಮೊಣಕಾಲು ನೋವಿನ ಗದಿಗೆವ್ವ ಎಲ್ಲರಿಗಿಂತ ಮೊದಲು ಬಂದು ಒಂದನೆಯ ಚೀಟಿ ಹಿಡಿದಿದ್ದಳು. ನಿಶ್ಶಕ್ತಿಯೆಂದು ಬಂದ ಹಮಾಲ ಮಲಂಗಸಾಬ ಟವೆಲಿನಿಂದ ಬಾಯಿ ಮುಚ್ಚಿಕೊಂಡು, ಹಜಾರದಲ್ಲಿ ತಾಯಂದಿರ ಸಾಲಿನ ಹಿಂದೆ ಗೋಡೆಗೆ ಒರಗಿದ್ದ.

ಒಂದನೆಯ ಪಾಳಿ ಮೂವತ್ತನೆಯದಾದದ್ದನ್ನು ಗದಿಗೆವ್ವ ಬಹಳ ಹೊತ್ತು ಸಹಿಸಲಿಲ್ಲ. ಜಗಲಿಯ ಬಾಗಿಲಿಗೆ ಬಂದು ನಿಂತಳು.

“ಕೊಟ್ರೇಶಪ್ಪ, ನಿನ್ನೆ ರವಿವಾರ ಮಾರ್ಕೆಟ್ ಬಂದ್ ಇತ್ತು. ನಿನ್ನ ಕೆಮ್ಮೂ ಬಂದ್ ಇತ್ತೇನು?”

“ಇವತ್ತ ಘಾಟು ಭಾಳ ಐತಿ, ಆಯಿ.”

“ಹಂಗಾರ ಘಾಟಿನ ಸಂಗಾಟ ಮಾರ್ಕೆಟ್ಟಿನ್ಯಾಗ ಜಗಳಾ ಮಾಡು. ಇಲ್ಲಿ ನನ್ನ ಪಾಳಿ ಬಿಡು.”

ಜಗಲಿ ನಕ್ಕಿತು, ನಗುವ ಗಡಿಬಿಡಿಯಲ್ಲಿ ಕೆಮ್ಮುವುದನ್ನು ಮರೆಯಿತು. ಮುಸರತ ಆ ಪ್ರಶ್ನೆಯನ್ನು ಬಿಡಲಿಲ್ಲ. ಎರಡು ವಾರದಿಂದ ಕೆಮ್ಮಿದೆಯೇ ಎಂದು ಕೇಳಿದರೆ ಹೌದೆನ್ನುವುದನ್ನು ಜನ ಕಲಿತುಬಿಟ್ಟಿದ್ದರು. ಈಗ ಅವಳು ಒಬ್ಬೊಬ್ಬರಿಗೂ ನಿನ್ನೆಯ ರವಿವಾರದ ಸುದ್ದಿ ಕೇಳಿದಳು. ಒಬ್ಬ ಹಲಗೇರಿಯ ಮದುವೆಯಲ್ಲಿ ಹೋಳಿಗೆ ಹೊಡೆದ ಕಥೆ ಹೇಳಿದ. ಇನ್ನೊಬ್ಬ ದಿನವಿಡೀ ಮಲಗಿದ್ದನಂತೆ. ಕೆಮ್ಮಿನ ಸುದ್ದಿ ಬಂದದ್ದು ನಾಲ್ವರ ಬಾಯಲ್ಲಿ ಮಾತ್ರ. ಮಿಕ್ಕವರನ್ನು ಹಜಾರಕ್ಕೆ ಕಳಿಸಿದಳು, ಬೆಂಚಿನಲ್ಲಿ ಆ ನಾಲ್ವರೇ ಉಳಿದರು.

ಆಗ ಗದಿಗೆವ್ವ ಅವಳನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು: “ಮಲಂಗಸಾಬನ ಮನಿಗೂ ನಮ್ಮ ಮನಿಗೂ ನಡುವ ಒಂದ ಗ್ವಾಡಿ, ತಂಗಿ. ನಿನ್ನೆ ದಿನಾಪೂರ್ತಿ ಆ ಗ್ವಾಡಿ ಕೆಮ್ಮೇತಿ.”

ಮುಸರತ ಹಜಾರದತ್ತ ಹೊರಳಿ ನೋಡಿದಳು. ಕೆಮ್ಮಿಲ್ಲದವರನ್ನೆಲ್ಲ ಗಾಳಿಗೆ ಕೂಡಿಸಿ, ಇದ್ದವನನ್ನು ಕೂಸುಗಳ ನಡುವೆ ಬಿಟ್ಟಿದ್ದಳು. ಲಗುಬಗೆಯಿಂದ ಹೋಗಿ ಅವನಿಗೊಂದು ಮಾಸ್ಕ್ ಕೊಟ್ಟು, ಮೆಲ್ಲಗೆ ಜಗಲಿಗೆ ಕರೆದಳು. ಅವನು ಅಲ್ಲಾಡಲಿಲ್ಲ.

“ಆ ಬೆಂಚಿಗೆ ಕುಂತ್ರ ಟಿಬಿ ಐತಿ ಅಂತಾರ, ಬೇಟಿ. ನಾಳಿ ನನ್ನ ಜೋಡಿ ಚೀಲಾ ಎತ್ತಾಕ ಯಾರು ಬರ್ತಾರ?”

“ಚಾಚಾ, ಇವತ್ತ ಅರ್ಧ ಬ್ಯಾಡಗಿ ಅಲ್ಲೇ ಕುಂತಿತ್ತು. ನಿಮ್ಮನ್ನ ಯಾರು ಹೊರಳಿ ನೋಡ್ತಾರ?”

ಅವನ ಕಣ್ಣಿನ ಅಂಚಿನಲ್ಲಿ ನಗು ಮೂಡಿತು. ಎದ್ದ. ನಾಲ್ವರ ಹಿಂದೆ ಕೂತರೆ ಮನಸ್ಸು ಬದಲಿಸಿ ಹೊರಟುಬಿಟ್ಟಾನೆಂದು ಗದಿಗೆವ್ವ ತನ್ನ ಒಂದನೆಯ ಚೀಟಿಯನ್ನು ಅವನ ಕೈಯಲ್ಲಿಟ್ಟಳು. ಇದು ಕೈಗಡ, ತಿರುಗಿ ಕೊಡಬೇಕು ಎಂದಳು. ನಾಲ್ವರೂ ದಾರಿ ಬಿಟ್ಟರು.

ಅವನ ಕಫ ರಾಣೇಬೆನ್ನೂರಿಗೆ ಹೋಯಿತು. ಉತ್ತರ ಕ್ಷಯವೆಂದೇ ಬಂತು. ಅದೇ ವಾರ ಗುಳಿಗೆ ಸುರುವಾಯಿತು, ಮನೆಯವರೆಲ್ಲರ ತಪಾಸಣೆಯೂ ಆಯಿತು. ಡಾಕ್ಟರು ಬೆಂಚು ತೆಗೆಸುವ ಮಾತನ್ನು ಮತ್ತೆ ಎತ್ತಲಿಲ್ಲ. ಘಾಟು ಬಾರದ ಹಿತ್ತಲ ಗೋಡೆಗೆ ಎರಡು ದೊಡ್ಡ ಕಿಟಕಿ ಇಡಿಸಿದರು. ಡಾಕ್ಟರು ಹೂಂ ಎಂದ ಮೇಲೆ ಮಲಂಗಸಾಬ ಕೆಲಸಕ್ಕೆ ಮರಳಿದ. ಅವನ ಜೋಡಿ ಚೀಲ ಎತ್ತಲು ಹಳೆಯ ಜೊತೆಗಾರನೇ ಬಂದ.

ಆಗಸ್ಟ್ ಇಪ್ಪತ್ತಾರು, ಮತ್ತೆ ಸೋಮವಾರ. ಗುಳಿಗೆಗಳ ಕಾಲ ಮುಗಿದು, ಕೊನೆಯ ತಪಾಸಣೆಗೆ ಮಲಂಗಸಾಬ ಎಲ್ಲರಿಗಿಂತ ಮೊದಲೇ ಬಂದು ಒಂದನೆಯ ಚೀಟಿ ಹಿಡಿದ. ಮೊಣಕಾಲು ಹಿಡಿದುಕೊಂಡು ಹಿಂದೆಯೇ ಬಂದ ಗದಿಗೆವ್ವನ ಮುಂದೆ ಅದನ್ನು ಚಾಚಿದ.

“ಒಲ್ಲೆ,” ಎಂದಳು ಅವಳು. “ಕೆಮ್ಮಿಗೆ ಕೊಟ್ಟದ್ದನ್ನ ಮೊಣಕಾಲಿಗೆ ಇಸಕೊಂಡ್ರ ಲೆಕ್ಕಾ ಕೂಡಂಗಿಲ್ಲ. ನಿನ್ನ ಮ್ಯಾಲ ಬಾಕಿ ಇರ್ಲಿ.”

ಮುಸರತ ಹೆಸರು ಕರೆದಳು. ಮಲಂಗಸಾಬ ಮೊದಲು ಹೋದ, ಗದಿಗೆವ್ವ ಎರಡನೆಯವಳು. ಆ ಬಾಕಿ ಇಂದಿಗೂ ತೀರಿಲ್ಲ.