ಹುಡುಗೀರ ಕಾಲೇಜಿನ ಹುಡುಗಿ

“ಗಂಡುಡುಗ್ರ ಜೊತೆ ಒಂದಿನಾನೂ ಕೂತಿಲ್ಲ ಕಣಣ್ಣ ನನ್ ಮಗ್ಳು. ಐಸ್ಕೂಲಿಂದ ಪಿಯುಸಿಗಂಟ ಹುಡುಗೀರ್ ಕಾಲೇಜೇಯ,” ಎಂದು ಅನಂತರಾಜು ಮಾಗಡಿಯಿಂದ ಬಂದಿದ್ದ ರಾಮಲಿಂಗಯ್ಯನಿಗೆ ಹೇಳುತ್ತಿದ್ದ. ಬಿಎಸ್ಸಿಗೆ ಸೇರುವ ದಿನ ಯಾವುದೆಂದು ವಿಚಾರಿಸಿಕೊಂಡು, ಆಗಷ್ಟೇ ರಾಮನಗರದ ಬಸ್ಸಿಳಿದು ಬಂದ ಆ ಮಗಳು ಭಾನುಪ್ರಿಯ ಬಾಗಿಲಲ್ಲೇ ನಿಂತಳು. ಸಂತೆಯಲ್ಲಿ ಹಸುವಿನ ಹಲ್ಲು ತೋರಿಸಿ ಮಾರುವವರೂ ಇಷ್ಟು ಹೆಮ್ಮೆಪಡುವುದಿಲ್ಲ.

ರಾಮಲಿಂಗಯ್ಯನ ಪಕ್ಕದಲ್ಲಿ ಅವನ ಮಗ ದೇವರಾಜು, ಬಿಡದಿಯ ಫ್ಯಾಕ್ಟರಿಯ ನೀಲಿ ಶರ್ಟಿನಲ್ಲೇ ಕುಳಿತಿದ್ದ.

“ಇವ್ರ್ಯಾಕೆ ಬಂದವ್ರೆ?” ಅಡುಗೆಮನೆಯಲ್ಲಿ ತಾಯಿಯನ್ನು ಕೇಳಿದಳು.

“ಹುಡ್ಗ ಒಳ್ಳೇವ್ನಂತೆ,” ಮಾಯಮ್ಮ ಒಲೆಯಿಂದ ಕಣ್ಣೆತ್ತದೆ ಹೇಳಿದಳು.

ಚಿಕ್ಕವಳಿದ್ದಾಗ ಓದಿದ ಊರಿನ, ಕೈಲಾಂಚದ ಶಾಲೆಯಲ್ಲಿ ಹುಡುಗರು ಮುಂದೆ, ಹುಡುಗಿಯರು ಹಿಂದೆ. ಉತ್ತರ ಗೊತ್ತಿದ್ದರೂ ಭಾನು ಬಾಯಿ ಬಿಟ್ಟವಳಲ್ಲ. ಅಪ್ಪ ರಾಮನಗರದ ಹುಡುಗಿಯರ ಹೈಸ್ಕೂಲಿಗೆ ಹಾಕಿದಾಗ ಅತ್ತು ರಂಪ ಮಾಡಿದ್ದಳು. ಆದರೆ ಅಲ್ಲಿ ಬೆಂಚು ಹೊರುವುದು, ಫ್ಯೂಸು ಕಟ್ಟುವುದು, ಲ್ಯಾಬಿನಲ್ಲಿ ಆಸಿಡ್ ಸುರಿಯುವುದು ಎಲ್ಲವೂ ಹುಡುಗಿಯರದೇ ಕೆಲಸ. ಮೂಗಿಯಂತಿದ್ದವಳು ಚರ್ಚಾಸ್ಪರ್ಧೆಯಲ್ಲಿ ಮೈಕು ಬಿಟ್ಟುಕೊಡದವಳಾದಳು. ಪಿಯುಸಿಯ ನಂತರ ಮಾತ್ರ ಅಲ್ಲಿ ಸೈನ್ಸ್ ಇರಲಿಲ್ಲ. ಬಿಎಸ್ಸಿ ಬೇಕೆಂದರೆ ಹುಡುಗರೂ ಇರುವ ಕಾಲೇಜಿಗೇ ಹೋಗಬೇಕು. “ಫಸ್ಟ್ ಕ್ಲಾಸ್ ತಗೊ, ನಾನೇ ಸೇರುಸ್ತೀನಿ,” ಎಂದು ಅಪ್ಪ ಕೆಂಗಲ್ ಆಂಜನೇಯನ ಮುಂದೆ ನಿಂತು ಮಾತು ಕೊಟ್ಟಿದ್ದ. ಅವಳು ತಗೊಂಡಿದ್ದಳು.

ಭಾನು ನಡುಮನೆಗೆ ಬಂದಳು. “ಅಪ್ಪಾ, ಬಿಎಸ್ಸಿಗೆ ಸೇರುಸ್ತೀನಿ ಅಂದಿದ್ದೆ.”

ರಾಮಲಿಂಗಯ್ಯ ಗಹಗಹಿಸಿ ನಕ್ಕ. “ಪರ್ವಾಗಿಲ್ಲ, ಹುಡ್ಗಿಗೆ ಬಾಯೈತೆ!”

“ಅಲ್ಲಿ ಗಂಡುಡುಗ್ರವ್ರೆ ಕಣವ್ವ,” ಅನಂತರಾಜು ಮೆತ್ತಗೆ ಹೇಳಿದ. “ಇಷ್ಟ್ ವರ್ಸ ಬಸ್‌ಚಾರ್ಜ್ ಕೊಟ್ಟು ಹುಡುಗೀರ್ ಕಾಲೇಜಿಗೆ ಯಾಕ್ ಕಳ್ಸ್‌ದೆ ಅನ್ಕಂಡೆ?”

ಓದಲಿ ಎಂದೇ ಅಂದುಕೊಂಡಿದ್ದಳು ಪೆದ್ದಿ. ಅವಳು ಮಾತು ಕಲಿತ ಅಷ್ಟೂ ವರ್ಷಗಳನ್ನು ಅಪ್ಪ ಇನ್ಯಾರಿಗೋ ತೋರಿಸಲೆಂದು ಕೂಡಿಡುತ್ತಿದ್ದ.

“ನಾನ್ ಒಪ್ಪಲ್ಲ,” ಎಂದಳು.

ಅನಂತರಾಜು ಎದ್ದು ಅತಿಥಿಗಳನ್ನು ಹಿತ್ತಿಲಿಗೆ ಕರೆದ. “ಬನ್ನಿ, ಒಸಿ ರೇಷ್ಮೆಹುಳ ನೋಡೀರಂತೆ.”

ಹುಳ ಈಗಿನಂತೆ ಕೊನೆಯ ಜ್ವರವೆದ್ದು, ಪೊರೆ ಕಳಚಿ ಸೊಪ್ಪು ಮೇಯುವಾಗ ಹಿತ್ತಿಲ ಹುಳುಮನೆಗೆ ಹೊರಗಿನವರನ್ನು ಬಿಡುವ ಪದ್ಧತಿಯಿಲ್ಲ. ರೋಗ ತಗಲೀತು, ದೃಷ್ಟಿಯಾದೀತು. ಕಾಲು ತೊಳೆದು ಒಳಗೆ ಹೋಗುವವರು ಮನೆಯವರು ಮಾತ್ರ. ಹಿಂದಿನ ಬೆಳೆಯಲ್ಲಿ ಅನಂತರಾಜು ಸ್ವಂತ ಷಡ್ಡಕನನ್ನೇ ಬಾಗಿಲಿನಿಂದ ವಾಪಸು ಕಳಿಸಿ ನಿಷ್ಠುರನಾಗಿದ್ದ.

ಭಾನು ಹಿತ್ತಿಲ ಬಾಗಿಲವರೆಗೂ ಹೋದಳು. ಅಪ್ಪ ಬಗ್ಗಿ, ಚೊಂಬಿನಿಂದ ದೇವರಾಜುವಿನ ಕಾಲಿಗೆ ನೀರು ಹಾಕುತ್ತಿದ್ದ. ಅವನು ಪ್ಯಾಂಟು ಮಡಿಸಿಕೊಂಡು, ಒಂದೊಂದೇ ಪಾದ ತೊಳೆದುಕೊಂಡು ಹುಳುಮನೆಯೊಳಗೆ ಹೋದ.