ಸುಳ್ಳು ಮದುವೆಗಳ ಉಂಗುರ

ನಾನು ಒಂದು ಹಿತ್ತಾಳೆ ಉಂಗುರ. ನನಗೆ ಹರಳಿಲ್ಲ, ಕೆತ್ತನೆಯಿಲ್ಲ. ಆದರೂ ನನ್ನಷ್ಟು ಮದುವೆ ಕಂಡ ಉಂಗುರ ಇನ್ನೊಂದಿರಲಿಕ್ಕಿಲ್ಲ. ಪೋಲೆಂಡಿನ ಒಂದು ಸಣ್ಣ ಊರಿನಲ್ಲಿ, ಯಹೂದಿ ಯುವಕರ ದಳದ ಒಡೆದ ಕಹಳೆಯನ್ನು ಕರಗಿಸಿ ನನ್ನನ್ನು ಮಾಡಿದರು.

ಆ ದಳದ ಹುಡುಗ ಹುಡುಗಿಯರು ಕಂದು ಅಂಗಿ ತೊಟ್ಟು ಕವಾಯತು ಮಾಡುತ್ತಿದ್ದರು, ಹೀಬ್ರೂ ಕಲಿಯುತ್ತಿದ್ದರು, ಕಾಡಿನಲ್ಲಿ ಡೇರೆ ಹಾಕಿ ಹಾಡುತ್ತಿದ್ದರು. ಪ್ಯಾಲೆಸ್ಟೀನಿಗೆ ಹೋಗಿ ತಮ್ಮದೇ ದೇಶ ಕಟ್ಟಬೇಕೆಂಬುದು ಎಲ್ಲರ ಹಂಬಲ. ಅಲ್ಲಿ ಆಗಲೇ ಬೇರೆಯವರೂ ಬದುಕುತ್ತಿದ್ದಾರೆ ಎಂಬುದು ಅವರ ಹಾಡುಗಳಲ್ಲಿ ಇರಲಿಲ್ಲ. ಆಗ ಅದನ್ನು ಆಳುತ್ತಿದ್ದ ಬ್ರಿಟಿಷರು ಒಳಬರಲು ಕೊಡುವ ಪರವಾನಗಿಯೋ ಬೆರಳೆಣಿಕೆಯಷ್ಟು. ಆದರೆ ಒಂದೇ ಪರವಾನಗಿಯಲ್ಲಿ ಗಂಡನ ಜೊತೆ ಹೆಂಡತಿಯೂ ಹೋಗಬಹುದಿತ್ತು. ಹಾಗಾಗಿ ಹೊರಟ ಹುಡುಗನಿಗೆ ಹುಡುಗಿಯೊಬ್ಬಳನ್ನು ಜೋಡಿಸಿ ಮದುವೆ ಮಾಡಿಸುವರು. ಅಲ್ಲಿ ಇಳಿದ ಮೇಲೆ ವಿಚ್ಛೇದನ. ನಾನು ಮಾತ್ರ ದಳದ ಸೊತ್ತು. ಊರಿಗೆ ಬರುವವರ ಜೇಬಿನಲ್ಲಿ ಕೂತು ಮುಂದಿನ ಮದುಮಗಳಿಗಾಗಿ ಮರಳುತ್ತಿದ್ದೆ.

೧೯೩೯ರ ಬೇಸಗೆಯಲ್ಲಿ ಸೋರಾಳ ಬೆರಳಿಗೆ ಬಂದೆ. ವರ ಪಿಂಖಸ್, ಮಾತು ಕಮ್ಮಿಯ ಬಡಗಿ. ಮುಂದಿನ ಸರದಿ ಸೋರಾಳ ತಂಗಿ ಫ್ರೇಡಾಳದು.

"ಅಕ್ಕಾ, ಉಂಗುರ ಬೇಗ ಕಳಿಸೇ!" ಎಂದು ಅವಳು ರೈಲಿನ ಕಿಟಕಿ ಹಿಡಿದು ಕೂಗಿದಳು.

"ಕಳಿಸ್ತೀನಿ ಕಣೇ, ಮೊದಲು ಕಿಟಕಿ ಬಿಡು!"

ಹಡಗಿನಲ್ಲಿ ಪಿಂಖಸ್ ತನ್ನ ಕಂಬಳಿಯನ್ನೂ ಸೋರಾಳಿಗೆ ಕೊಟ್ಟು ಹೊರಗೆ ಮಲಗುತ್ತಿದ್ದ. ಅವನು ನೋಡದಿದ್ದಾಗ ಅವಳು ನೋಡುವಳು, ಅವಳು ನೋಡದಿದ್ದಾಗ ಅವನು. ನನಗೆ ನಗು ಬರುತ್ತಿತ್ತು.

ಪ್ಯಾಲೆಸ್ಟೀನಿನ ಹೈಫಾ ಬಂದರಿನಲ್ಲಿ ಇಳಿದು ಇಬ್ಬರೂ ವಿಚ್ಛೇದನಕ್ಕೆಂದು ಧರ್ಮಗುರುವಿನ ಮುಂದೆ ನಿಂತರು. ಅವರ ಧರ್ಮದಲ್ಲಿ ಗಂಡ ಅದನ್ನು ಸ್ವಂತ ಇಚ್ಛೆಯಿಂದ ಕೊಡಬೇಕು. ಹಾಗೆಂದು ಬಾಯಿಬಿಟ್ಟು ಹೇಳಲೂಬೇಕು.

"ಯಾರ ಒತ್ತಾಯವೂ ಇಲ್ಲದೆ, ಮನಸಾರೆ ಕೊಡ್ತಿದ್ದೀಯೇನಪ್ಪಾ?" ಎಂದು ಗುರು ಕೇಳಿದರು.

ಪಿಂಖಸ್ ನೆಲ ನೋಡಿದ. "ಸುಳ್ಳು ಹೇಳೋಕಾಗಲ್ಲ ಗುರುಗಳೇ. ಮನಸ್ಸಿಲ್ಲ."

"ಅದನ್ನ ಹಡಗಲ್ಲೇ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಸೋರಾ ಬೈದಳು. ಬೈಯುತ್ತಲೇ ಅತ್ತಳು. ಆಮೇಲೆ ನನ್ನನ್ನು ಕಳಚಿದಳು. "ಇದು ಫ್ರೇಡಾಳದು. ನಂಗೆ ಬೇರೆ ಮಾಡ್ಕೊಡು."

ಅವನು ಮರದ್ದೊಂದು ಮಾಡಿಕೊಟ್ಟ. ನನ್ನನ್ನು ಒಯ್ಯುವವರು ಸಿಗುವ ಮೊದಲೇ ಯುದ್ಧ ಶುರುವಾಗಿ ದಾರಿಗಳು ಮುಚ್ಚಿದವು. ಅದು ಮುಗಿದಾಗ ನಮ್ಮ ಊರಿನಲ್ಲಿ ಉಂಗುರ ಕೇಳುವ ಹುಡುಗಿ ಒಬ್ಬಳೂ ಉಳಿದಿರಲಿಲ್ಲ.

ಈಗ ನಾನು ಸೋರಾಳ ಕಪಾಟಿನಲ್ಲಿದ್ದೇನೆ. ಎಷ್ಟೋ ಬೆರಳುಗಳನ್ನು ಏರಿದ್ದೇನೆ. ಏರದೇ ಹೋದ ಆ ಒಂದು ಬೆರಳೇ ನನಗೆ ಹೆಚ್ಚು ನೆನಪಾಗುತ್ತದೆ. ಮೊನ್ನೆ ಮೊಮ್ಮಗಳು ನನ್ನನ್ನು ಹಾಕಿಕೊಂಡು, "ಅಜ್ಜಿ, ಇದು ನಂಗೆ ಕೊಡ್ತೀಯಾ?" ಎಂದಳು.

ನರೆತ ತಲೆಯ ಸೋರಾ ಅವಳ ಕೈ ಹಿಡಿದು ನನ್ನನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಬೇಡ ಪುಟ್ಟೀ. ಫ್ರೇಡಾ ಬಂದು ಕೇಳಿದ್ರೆ ನಾನು ಏನು ಹೇಳಲಿ?"