ಪುಟ ತುಂಬಿಸಿದ ಸಾಲು

ನೆವಾಡಾದ ಬಯಲಿನಲ್ಲಿ ಲೂಯೆಲ್ಲಾ ಹಲಗೆ ಎಳೆದು ಮರಳನ್ನು ಸಮ ಮಾಡುತ್ತಿದ್ದಳು. ತಮ್ಮನ್ನು ಕರೆದೊಯ್ಯಲು ಆಕಾಶದಿಂದ ಬರುವ ನಕ್ಷತ್ರದ ಹಡಗು ಇಳಿಯಲು ನೆಲ ತಟ್ಟೆಯಂತಿರಬೇಕೆಂದು ಅಲ್ಲಿನ ಜನ ದಿನಾ ಬೆಳಿಗ್ಗೆ ಮಾಡುವ ಸೇವೆ ಅದು. ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಬಿಟ್ಟಿದ್ದಳು. ಬಟ್ಟೆ ಸುತ್ತಿದ ಪಾದ ಕಪ್ಪಗಾಗಿ ನಾರುತ್ತಿತ್ತು.

ಆ ಹಡಗನ್ನು ಹುಟ್ಟಿಸಿದವನು ಅವಳಪ್ಪ ವರ್ಲಿನ್. ಮೂವತ್ತು ವರ್ಷದ ಹಿಂದೆ ಅಗ್ಗದ ಮಾಸಪತ್ರಿಕೆಯೊಂದಕ್ಕೆ ಬರೆದ ಧಾರಾವಾಹಿಯಲ್ಲಿ. ಈಗ ಈ ಬಯಲಿನ ಜನ ಆ ಧಾರಾವಾಹಿಗೆ ಚರ್ಮದ ರಟ್ಟು ಹಾಕಿ, ಮೊಣಕಾಲೂರಿ ಓದುತ್ತಾರೆ. ಮಗಳನ್ನು ಕರೆದೊಯ್ಯಲೆಂದು ಬಂದ ವರ್ಲಿನ್ ಅವಳ ಹಲಗೆಗೆ ಅಡ್ಡ ನಿಂತಿದ್ದ.

“ಲೂ, ನಡಿ ಆಸ್ಪತ್ರೆಗೆ. ಕಾಲು ಹೋದ್ರೆ ಹೋಗ್ಲಿ, ಜೀವ ಉಳೀಲಿ.”

“ಔಷಧಿ ಮುಟ್ಟಿದ ಮೈಯನ್ನ ಹಡಗು ಹತ್ತಿಸ್ಕೊಳ್ಳಲ್ಲ ಅಪ್ಪಾ. ನೀನೇ ಬರ್ದಿದೀಯ.”

“ಥೂ! ಯಾಕೆ ಬರ್ದೆ ಗೊತ್ತಾ? ಪುಟದ ಕೆಳಗೆ ನಾಲ್ಕು ಬೆರಳು ಜಾಗ ಉಳೀತು. ಏನಾದ್ರೂ ತುಂಬಯ್ಯಾ ಅಂದ ಸಂಪಾದಕ. ನೀನು ತೊಟ್ಟಿಲಲ್ಲಿ ಕಿರುಚ್ತಿದ್ದೆ, ಬಾಯಿಗೆ ಬಂದಿದ್ದು ಗೀಚಿದೆ!”

ಲೂಯೆಲ್ಲಾ ನಕ್ಕಳು. “ಅದೇ ಅಲ್ವಾ ಸಾಕ್ಷಿ? ನೀನು ಯೋಚ್ನೇನೇ ಮಾಡ್ಲಿಲ್ಲ, ಆದ್ರೂ ಬಂತು. ನೀನು ಬರೀ ಕೈ. ಬರೆಸಿದವರು ಮೇಲಿದ್ದಾರೆ.”

ವರ್ಲಿನ್‌ಗೆ ಕಪಾಳಕ್ಕೆ ಬಿಗಿಯುವಷ್ಟು ಸಿಟ್ಟು ಬಂತು. ನುಂಗಿಕೊಂಡು, ಕೋಟಿನಿಂದ ಕಾಗದದ ಕಟ್ಟು ತೆಗೆದುಕೊಟ್ಟ. ಹೊಸ ಅಧ್ಯಾಯ. ಕಾಯಿಲೆಯವರು ಔಷಧಿ ತೆಗೆದುಕೊಂಡೇ ಹಡಗು ಹತ್ತಲಿ ಎಂದು ನಕ್ಷತ್ರದವರು ಅಪ್ಪಣೆ ಕೊಡುವ ಅಧ್ಯಾಯ. ಹರಿದು, ತಿದ್ದಿ, ಮತ್ತೆ ಬರೆದಿದ್ದ. ಹೊಟ್ಟೆಪಾಡಿಗೆ ಬರೆದ ಯಾವ ಕಥೆಗೂ ಅವನು ಇಷ್ಟು ಬೆವರು ಸುರಿಸಿರಲಿಲ್ಲ.

ಅವಳು ನೆಲದಲ್ಲಿ ಕೂತು ಓದಿದಳು. ತಿರುಗಿ ಓದಿದಳು. ಕಣ್ಣು ತುಂಬಿ ಬಂತು. ಗೆದ್ದೆ ಅಂದುಕೊಂಡ ವರ್ಲಿನ್.

“ತುಂಬಾ ಚೆನ್ನಾಗಿದೆ ಅಪ್ಪಾ. ಒಂದೊಂದು ಮಾತನ್ನೂ ತೂಗಿ ಇಟ್ಟಿದೀಯ. ನನ್ಮೇಲೆ ಎಷ್ಟು ಪ್ರೀತಿ ಅಂತ ಕಾಣುತ್ತೆ.” ಕಾಗದಗಳನ್ನು ಮಡಿಸಿ ಅವನ ಕೈಗಿಟ್ಟಳು. “ಅದಕ್ಕೇ ಗೊತ್ತಾಯ್ತು, ಇದು ನೀನೇ ಬರ್ದಿದ್ದು.”

ಅವನು ಅವಳನ್ನು ಎತ್ತಿಕೊಂಡು ಕಾರಿನತ್ತ ಓಡಿದ. ಅವಳು ಕೂಗಿಕೊಂಡಳು. ಜನ ಓಡಿಬಂದರು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಟೋಪಿ ತೆಗೆದು, ತಲೆ ತಗ್ಗಿಸಿ, ಕಾರಿನ ಬಾಗಿಲಿಗೆ ಒತ್ತಾಗಿ ನಿಂತುಬಿಟ್ಟರು. ಅವರಿಗೆ ಅವನು ಪ್ರವಾದಿ.

“ದಾರಿ ಬಿಡ್ರೋ, ಕೊಲೆಗಡುಕರಾ!”

ಒಬ್ಬ ಮುದುಕ ಮುಂದೆ ಬಂದು, ಮಗಳನ್ನು ಹೊತ್ತ ಅವನ ಬಲಗೈಗೆ ಮುತ್ತಿಟ್ಟ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ವರ್ಲಿನ್‌ನ ತೋಳು ಸೋಲತೊಡಗಿತು.

“ಇಳಿಸು ಅಪ್ಪಾ,” ಅಂದಳು ಲೂಯೆಲ್ಲಾ, “ಸುಸ್ತಾಗಿದೀಯ.”

ಇಳಿಸಿದ.